ವೇಲ್ಸ್‌ನ ಗೋಡೆಯ ಮೇಲೆ ಮುತ್ತುಲಕ್ಷ್ಮಿಯ ದಾರಿ

ಚೆಟ್ಟಳ್ಳಿ

ನಡೆದರೆ ದುಡ್ಡು ಕೊಡುತ್ತಾರೆ, ಅದಕ್ಕೇ ವೇಲ್ಸ್‌ಗೆ ಹೋಗುತ್ತಿದ್ದೇನೆ ಎಂದಾಗ ನನ್ನ ಅತ್ತೆ ರೊಟ್ಟಿ ತಟ್ಟುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದರು.

"ನಡಿಯಕೆ ಅಷ್ಟು ದೂರ ಹೋಕಾ? ಇಲ್ಲಿ ದಾರಿ ಇಲ್ಲೆನಾ?" ಎಂದು ಅರೆಭಾಷೆಯಲ್ಲಿ ಕೇಳಿದರು.

ಉತ್ತರ ಹೇಳುವುದು ಸುಲಭವಿರಲಿಲ್ಲ. ಮದುವೆಯಾಗಿ ಬಂದ ಮೇಲೆ ನಾನು ಆ ಮನೆಯಿಂದ ಬಸ್ ಸ್ಟಾಪಿಗೆ ನಡೆದದ್ದನ್ನೆಲ್ಲ ಸೇರಿಸಿದರೆ ವೇಲ್ಸ್ ತಲುಪಿ ವಾಪಸೂ ಬರಬಹುದು. ಅದಕ್ಕೆ ಯಾರೂ ಬಿಡಿಗಾಸು ಕೊಟ್ಟಿಲ್ಲ.

ನನ್ನ ಹೆಸರು ದಮಯಂತಿ. ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ನಾವು ಐದು ಮಂದಿ ಸೇರಿ ಒಂದು ಸಣ್ಣ ಸಮಿತಿ ಮಾಡಿಕೊಂಡಿದ್ದೇವೆ. ಎಸ್ಟೇಟಿನ ಲೈನುಗಳಲ್ಲಿ, ಅಂದರೆ ಕಾಫಿ ತೋಟದ ಕೆಲಸದವರ ಸಾಲುಮನೆಗಳಲ್ಲಿ, ಬೆಳೆದ ಹುಡುಗಿಯರು ಹತ್ತನೇ ಕ್ಲಾಸು ಮುಗಿದ ತಕ್ಷಣ ಕಾಫಿ ಹಣ್ಣು ಕೀಳುವ ಪಿಕಿಂಗಿಗೆ ಹೋಗಿಬಿಡುತ್ತಾರೆ. ಹಾಗಾಗದೆ ಅವರು ಮುಂದೆ ಓದಬೇಕು ಎಂಬುದು ನಮ್ಮ ಆಸೆ. ಆಸೆಯೇನೋ ನಮ್ಮದು, ಫೀಸಿನ ಹೆಚ್ಚಿನ ಪಾಲು ಮಾತ್ರ ವೇಲ್ಸ್‌ನದು. ಅಲ್ಲಿನ ಗ್ವೆನ್ ಎಂಬ ಹೆಂಗಸು ಕೆಲವು ವರ್ಷಗಳ ಹಿಂದೆ ಚೆಟ್ಟಳ್ಳಿಯ ತೋಟವೊಂದರ ಕಾಫಿ ಕೊಳ್ಳಲು ಬಂದಿದ್ದಳು. ಲೈನಿನ ಮಕ್ಕಳನ್ನು ನೋಡಿದಳು, ನಮ್ಮ ಸಮಿತಿಯ ಮಾತು ಕೇಳಿದಳು, ಊರಿಗೆ ಹೋದ ಮೇಲೆ ವರ್ಷಕ್ಕೊಂದು ನಡಿಗೆ ಏರ್ಪಡಿಸತೊಡಗಿದಳು. ಊರಿನವರು ಹನ್ನೊಂದು ಮೈಲಿ ಗುಡ್ಡ ಹತ್ತಿ ಇಳಿಯುತ್ತಾರೆ. ಅವರು ಪೂರ್ತಿ ನಡೆದರೆ ಅವರ ನೆಂಟರು, ಸ್ನೇಹಿತರು, ಅಂಗಡಿಯವರು ಮೈಲಿಗೆ ಇಷ್ಟು ಎಂದು ಕೊಡುತ್ತಾರೆ. ಆ ಹಣ ವಿದೇಶದ ನೆರವು ಪಡೆಯಲು ಪರವಾನಗಿ ಇರುವ ಮೈಸೂರಿನ ಒಂದು ಸಂಸ್ಥೆಗೆ ಬರುತ್ತದೆ, ಅವರು ನೇರವಾಗಿ ಕಾಲೇಜಿಗೆ ಕಟ್ಟುತ್ತಾರೆ.

ಈ ವರ್ಷ ಗ್ವೆನ್ ಫೋನು ಮಾಡಿ, "ಜನರ ಉತ್ಸಾಹ ಕಡಿಮೆಯಾಗುತ್ತಿದೆ ದಮಯಂತಿ. ಅಲ್ಲಿಂದ ಒಬ್ಬರು ಬಂದು ನಮ್ಮ ಜೊತೆ ನಡೆಯಬೇಕು" ಎಂದಳು. ಟಿಕೆಟಿನ ಖರ್ಚು ಮಕ್ಕಳ ನಿಧಿಯದಲ್ಲ, ಅವಳ ಅಂಗಡಿಯದು ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಒಪ್ಪಿದೆ. ವೀಸಾ ಸಿಕ್ಕಿ ಹೊರಡುವಾಗ ಮೇ ತಿಂಗಳು. ಹತ್ತನೆಯವರ ರಿಸಲ್ಟ್ ಬಂದಿತ್ತು, ಮೂರು ಹುಡುಗಿಯರು ನಮ್ಮ ಬಾಯಿ ನೋಡುತ್ತಾ ಕೂತಿದ್ದರು.

ಅವರಲ್ಲಿ ಒಬ್ಬಳು ಮುತ್ತುಲಕ್ಷ್ಮಿ. ಅವಳ ಒಪ್ಪಿಗೆ ಪಡೆದೇ ಹೆಸರು ಬರೆಯುತ್ತಿದ್ದೇನೆ. ತೋಟಕ್ಕೆ ಒಮ್ಮೆ ಸರ್ವೆಯವರು ಮೂರು ಕಾಲಿನ ಸ್ಟ್ಯಾಂಡ್ ಇಟ್ಟುಕೊಂಡು ಬಂದಿದ್ದರಂತೆ. ಅಂದಿನಿಂದ ಕುಶಾಲನಗರದ ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಡಿಪ್ಲೊಮಾ ಮಾಡುವುದೊಂದೇ ಅವಳ ಜಪ. ನಾನು ಹೊರಡುವ ಹಿಂದಿನ ದಿನ ಅವಳು ಬಸ್ ಸ್ಟಾಪಿನಲ್ಲಿ ಸಿಕ್ಕಿದಳು.

"ಟೀಚರ್, ನನ್ನ ಮಾರ್ಕ್ಸ್ ಬೇಕಾದ್ರೆ ಎಲ್ಲರಿಗೂ ಹೇಳಿ. ನಮ್ಮ ಮನೆ ಫೋಟೋ ಮಾತ್ರ ತೋರಿಸ್ಬೇಡಿ. ಹೋದ ವರ್ಷ ವೇಲ್ಸ್‌ನಿಂದ ಕಳಿಸಿದ ಕಾಫಿ ಪ್ಯಾಕೆಟ್ ಜೊತೆ ಒಂದು ಪೇಪರ್ ಬಂದಿತ್ತಲ್ಲ, ಅದ್ರಲ್ಲಿ ನಾನಿದ್ದೆ. ಕ್ಲಾಸಲ್ಲಿ ಎಲ್ಲ ನೋಡಿ ನಗಾಡಿದ್ರು. ಅಪ್ಪನಿಗೆ ಗೊತ್ತಾಗಿ ಎರಡು ದಿನ ಮಾತಾಡ್ಲಿಲ್ಲ."

"ಇಲ್ಲ ಮಾರಾಯ್ತಿ, ತೋರಿಸೋದಿಲ್ಲ" ಎಂದೆ. ಅಷ್ಟು ಸಲೀಸಾಗಿ ಹೇಳಿ ಬಸ್ಸು ಹತ್ತಿದೆ.

ಮ್ಯಾಂಚೆಸ್ಟರ್

ಗ್ವೆನ್‌ಗೆ ಹಂದಿ ಮಾಂಸದ ಸಾರು ಮಾಡಿಕೊಡುವ ಆಸೆಯಿಂದ ಒಂದು ಬಾಟಲಿ ಕಾಚಂಪುಳಿ ಕಟ್ಟಿಕೊಂಡಿದ್ದೆ. ನಮ್ಮಲ್ಲಿ ಸಾರಿಗೆ ಹಾಕುವ ಆ ಕಪ್ಪು ಹುಳಿಯ ಮಹಿಮೆ ಗೊತ್ತಿರುವವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಸೂಟ್‌ಕೇಸ್ ಬೆಲ್ಟಿನ ಮೇಲೆ ಬರುವಾಗಲೇ ಅದರ ಒಂದು ಮೂಲೆಯಿಂದ ಡಾಮರಿನಂಥ ಹನಿ ತೊಟ್ಟಿಕ್ಕುತ್ತಿತ್ತು. ಕಸ್ಟಮ್ಸಿನ ಹೆಂಗಸೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದಳು.

"ಇದೇನು?"

"ವಿನೆಗರ್."

"ಯಾತಕ್ಕೆ?"

"ಹಂದಿಗೆ."

ಅವಳು ನನ್ನ ಮುಖವನ್ನೊಮ್ಮೆ, ಸೂಟ್‌ಕೇಸನ್ನೊಮ್ಮೆ ನೋಡಿದಳು. "ಹಂದಿ ಎಲ್ಲಿದೆ?" ಎಂದು ಕೇಳಿದಳು. ಹಂದಿ ತಂದಿಲ್ಲ, ಇಲ್ಲೇ ಕೊಳ್ಳುತ್ತೇನೆ ಎಂದು ತಿಳಿಸಿ ಹೇಳುವಷ್ಟರಲ್ಲಿ ನನ್ನ ಇಂಗ್ಲಿಷೆಲ್ಲ ಖರ್ಚಾಯಿತು. ಕೊನೆಗೆ ಅವಳು ಬೆರಳ ತುದಿಗೆ ಹಚ್ಚಿ ಮೂಸಿದಳು, ಕಣ್ಣು ಅಗಲ ಮಾಡಿದಳು, ಹೋಗು ಎಂದು ಕೈ ಬೀಸಿದಳು. ವೇದಿಕೆಗೆಂದು ತಂದಿದ್ದ ಕೆನೆಬಣ್ಣದ ರೇಷ್ಮೆ ಸೀರೆ ಅಷ್ಟರಲ್ಲಿ ಸಾರಿಗೆ ಹಾಕಲು ತಯಾರಾಗಿತ್ತು.

ಗುರುವಾರ, ಗ್ವೆನ್ ಮನೆ

ಗ್ವೆನ್ ಐವತ್ತರ ಆಸುಪಾಸಿನ, ಗುಂಗುರು ಕೂದಲಿನ, ಸದಾ ಅವಸರದಲ್ಲಿರುವ ಹೆಂಗಸು. ಕಾರು ಓಡಿಸುತ್ತಾ ಒಂದು ಕೈಯಲ್ಲಿ ನನಗೆ ಗುಡ್ಡಗಳನ್ನು ತೋರಿಸುತ್ತಿದ್ದಳು. ರಸ್ತೆಯ ಮೇಲೆ ಅಲ್ಲಲ್ಲಿ ದೊಡ್ಡ ಬಿಳಿ ಅಕ್ಷರಗಳಲ್ಲಿ 'ಅರಾಫ್' ಎಂದು ಬರೆದಿತ್ತು. ನಮ್ಮ ಸಿದ್ದಾಪುರದ ಮೀನಿನಂಗಡಿ ಅಶ್ರಫ್ ನೆನಪಾದರು. "ಇಲ್ಲಿ ಎಲೆಕ್ಷನ್ ನಡೀತಿದೆಯಾ? ಯಾರು ಈ ಅರಾಫ್?" ಎಂದು ಕೇಳಿದೆ. ಗ್ವೆನ್ ಕಾರು ಬದಿಗೆ ನಿಲ್ಲಿಸಿ ನಕ್ಕಳು. ವೆಲ್ಷ್ ಭಾಷೆಯಲ್ಲಿ ಹಾಗೆಂದರೆ ನಿಧಾನ ಎಂದರ್ಥವಂತೆ.

ಅವರಿಗೆ ಇಂಗ್ಲಿಷ್ ಬೇರೆ, ಮನೆಯ ಭಾಷೆ ಬೇರೆ. ಅಂಗಡಿಯಲ್ಲಿ ಒಂದು ವಾಕ್ಯವನ್ನು ವೆಲ್ಷ್‌ನಲ್ಲಿ ಶುರುಮಾಡಿ ಇಂಗ್ಲಿಷಿನಲ್ಲಿ ಮುಗಿಸುತ್ತಾರೆ. ನನಗೆ ಸಿದ್ದಾಪುರದ ಸಂತೆಯಲ್ಲೇ ನಿಂತಂತಾಯಿತು. ನಾವಾದರೆ ಮಲಯಾಳದಲ್ಲಿ ಮೀನು ಕೇಳಿ, ಕನ್ನಡದಲ್ಲಿ ಚೌಕಾಸಿ ಮಾಡಿ, ತಮಿಳಿನಲ್ಲಿ ಚೀಲ ಹಿಡಿಯಲು ಹೇಳಿ, ಅರೆಭಾಷೆಯಲ್ಲಿ ಮನೆಗೆ ಬರುತ್ತೇವೆ.

ಅವರ ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಬರೆಯಲು ಬರುವುದೂ ಇಲ್ಲ. ಅದರಲ್ಲಿ ಎರಡು 'ಎಲ್' ಒಟ್ಟಿಗೆ ಬರುತ್ತವೆ. ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಎರಡೂ ಬದಿಯಿಂದ ಗಾಳಿ ಬಿಡಬೇಕು, ಒಲೆಯ ಮೇಲಿಂದ ಹಾಲು ಉಕ್ಕಿ ಬೆಂಕಿಗೆ ಬಿದ್ದ ಹಾಗೆ. ನಾನು ಮೂರು ದಿನ ಪ್ರಯತ್ನಿಸಿದೆ. ನನಗೆ ಸಮಾಧಾನವಾದದ್ದು ಒಂದೇ ಕಾರಣಕ್ಕೆ: ಇಂಗ್ಲಿಷಿನಲ್ಲಿ ಚೆಟ್ಟಳ್ಳಿ ಎಂದು ಬರೆದರೂ ಎರಡು 'ಎಲ್' ಬರುತ್ತವಲ್ಲ! ಇಡೀ ಊರು ಅಷ್ಟು ವರ್ಷದಿಂದ ನಮ್ಮ ಚೆಟ್ಟಳ್ಳಿಯನ್ನು ಹಾಲು ಉಕ್ಕಿಸಿಯೇ ಓದುತ್ತಿತ್ತು. ಹಾಗಲ್ಲ, ನಾಲಿಗೆ ಮಡಚಿ 'ಳ್ಳಿ' ಅನ್ನಿ ಎಂದು ಹೇಳಿಕೊಟ್ಟೆ. ಅವರೂ ಮೂರು ದಿನ ಪ್ರಯತ್ನಿಸಿದರು. ಸಮಸಮವಾಯಿತು.

ಆ ಸಂಜೆ ಎಮ್ರಿಸ್ ಎಂಬ ಹಿರಿಯರು ನನ್ನನ್ನು ನೋಡಲು ಬಂದರು. ಎತ್ತರದ ಆಳು, ವಯಸ್ಸು ಎಪ್ಪತ್ತೆಂಟು, ನಡಿಗೆಯ ಮುಂದಾಳು. ಊರಲ್ಲಿ ಒಂದೇ ಹೆಸರಿನವರು ಬಹಳ ಮಂದಿ ಇರುವುದರಿಂದ ಕೆಲಸದ ಹೆಸರನ್ನು ಸೇರಿಸಿ ಕರೆಯುತ್ತಾರಂತೆ. ನಲವತ್ತು ವರ್ಷ ಅಂಚೆ ಹಂಚಿದ ಇವರು ಎಮ್ರಿಸ್ ಪೋಸ್ಟ್. ನಮ್ಮಲ್ಲೂ ತೋಟದ ಲೆಕ್ಕ ಬರೆಯುವ ರೈಟರ್ ಸೋಮಣ್ಣ, ಜೀಪು ಮಣಿ, ಕರೆಂಟು ಬಾಬು ಇದ್ದಾರೆ ಎಂದೆ. ಅವರಿಗೆ ಬಹಳ ಖುಷಿಯಾಯಿತು. ಮಾರನೆಯ ದಿನದಿಂದ ನಾನು ಊರಿಗೆಲ್ಲ ದಮಯಂತಿ ಕಾಫಿ.

ಶುಕ್ರವಾರ, ಚಾಪೆಲ್ ಹಾಲ್

ನಡಿಗೆ ಶನಿವಾರ. ಶುಕ್ರವಾರ ಬೆಳಿಗ್ಗೆ ಚಾಪೆಲ್ಲಿನ, ಅಂದರೆ ಊರಿನ ಪುಟ್ಟ ಚರ್ಚಿನ, ಹಾಲ್ ಸಿಂಗರಿಸುವ ಕೆಲಸ. ಕುರ್ಚಿ ಜೋಡಿಸಿ, ಕೇಕಿನ ಮೇಜಿಗೆ ಬಟ್ಟೆ ಹಾಸಿ, ಇನ್ನೇನು ಚಹಾ ಕುಡಿಯೋಣ ಎನ್ನುವಾಗ ಗ್ವೆನ್ ಒಂದು ಉದ್ದ ಕಾಗದದ ಸುರುಳಿ ತಂದು ವೇದಿಕೆಯ ಹಿಂದಿನ ಗೋಡೆಗೆ ಬಿಚ್ಚಿ ಅಂಟಿಸಿದಳು.

ನನಗಿಂತ ಎತ್ತರದ ಮುತ್ತುಲಕ್ಷ್ಮಿ. ಲೈನಿನ ಬಾಗಿಲ ಮುಂದೆ ನಿಂತಿದ್ದಾಳೆ. ಹಿಂದೆ ತಗಡು, ನೀಲಿ ಟಾರ್ಪಾಲು, ಒಂದು ಪ್ಲಾಸ್ಟಿಕ್ ಕೊಡ. ಕಾಲಲ್ಲಿ ಪಿನ್ನು ಚುಚ್ಚಿದ ಹವಾಯಿ ಚಪ್ಪಲಿ. ಕೆಳಗೆ ದೊಡ್ಡ ಅಕ್ಷರಗಳಲ್ಲಿ, 'ಅವಳಿಗೆ ಬೇರೆ ಯಾರೂ ಇಲ್ಲ' ಎಂಬರ್ಥದ ಒಂದು ಇಂಗ್ಲಿಷ್ ಸಾಲು.

ಅವಳಿಗೆ ಅಪ್ಪ, ಅಮ್ಮ, ಇಬ್ಬರು ತಂಗಿಯರು, ಒಬ್ಬ ಜಗಳಗಂಟಿ ಅಜ್ಜಿ ಎಲ್ಲರೂ ಇದ್ದಾರೆ.

ಆ ಫೋಟೋ ತೆಗೆದವಳು ನಾನೇ. ಮುತ್ತುಲಕ್ಷ್ಮಿ ಎಂಟನೇ ಕ್ಲಾಸಿನಲ್ಲಿದ್ದಾಗ ವರದಿಯ ಜೊತೆ ಕಳಿಸಬೇಕೆಂದು, "ಇಲ್ಲಿ ನಿಲ್ಲು, ಬಾಗಿಲು ಕಾಣಲಿ" ಎಂದು ಹೇಳಿ ನಿಲ್ಲಿಸಿದ್ದೆ. ಅವಳು ಸಮವಸ್ತ್ರ ಹಾಕಿಕೊಂಡು ಬರುತ್ತೇನೆ ಎಂದದ್ದಕ್ಕೆ, "ಬೇಡ, ಹೀಗೇ ಇರಲಿ" ಎಂದಿದ್ದೂ ನಾನೇ.

"ಚೆನ್ನಾಗಿದೆ ಅಲ್ಲವೇ?" ಎಂದಳು ಗ್ವೆನ್. "ಊರಲ್ಲೆಲ್ಲ ಇದರ ಸಣ್ಣ ಪೋಸ್ಟರ್ ಹಚ್ಚಿದ್ದೇವೆ. ಎರಡು ವಾರ ಆಯಿತು."

ಸುಳ್ಳು ಹೇಳುವುದಿಲ್ಲ. ಮೊದಲು ನನ್ನ ತಲೆಯಲ್ಲಿ ಬಂದದ್ದು ಒಳ್ಳೆಯ ಯೋಚನೆಯಲ್ಲ. ಮುತ್ತುಲಕ್ಷ್ಮಿ ಇಲ್ಲಿಗೆ ಬರುವುದಿಲ್ಲ, ಅವಳ ಅಪ್ಪನೂ ಬರುವುದಿಲ್ಲ, ಮೂರು ಹುಡುಗಿಯರ ಸೀಟು ಈ ನಡಿಗೆಯ ಮೇಲೆ ನಿಂತಿದೆ, ಒಂದು ದಿನದ ಮಟ್ಟಿಗೆ ಸುಮ್ಮನಿದ್ದರೆ ಆಯಿತು. ಚಹಾ ಬಂತು. ಅರ್ಧ ಕುಡಿದೆ. ಎದುರಿಗೆ ಗೋಡೆಯಿಂದ ಅವಳು ನನ್ನನ್ನೇ ನೋಡುತ್ತಿದ್ದಳು. ಫೋಟೋ ತೆಗೆದವಳನ್ನೇ ನೋಡುತ್ತಾ ನಿಂತಿದ್ದರಿಂದ ಅದು ಸಹಜವೇ. ಆದರೂ ಬಾಕಿ ಅರ್ಧ ಚಹಾವನ್ನು ಮೇಜಿನ ಮೇಲಿಟ್ಟುಬಿಟ್ಟೆ.

"ಗ್ವೆನ್, ಇದನ್ನು ತೆಗೆಯಬೇಕು" ಎಂದೆ. "ಅವಳು ಬೇಡ ಅಂದಿದ್ದಾಳೆ. ನಾನು ಮಾತು ಕೊಟ್ಟು ಬಂದಿದ್ದೇನೆ."

ಗ್ವೆನ್ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ದಮಯಂತಿ, ಜನ ಮುಖ ನೋಡಿ ಕೊಡುತ್ತಾರೆ. ಈ ವರ್ಷ ಹೆಸರು ಕೊಟ್ಟವರೇ ಕಡಿಮೆ. ಪಕ್ಕದ ಊರಿನ ಹೋಟೆಲಿನವರು ಎಷ್ಟು ಸೇರುತ್ತದೋ ಅಷ್ಟನ್ನೇ ತಾವೂ ಹಾಕುತ್ತೇವೆ ಎಂದಿದ್ದಾರೆ. ಅವರಿಗೆ ಇಷ್ಟವಾದದ್ದೇ ಈ ಪೋಸ್ಟರ್. ಅಷ್ಟಕ್ಕೂ ಈ ಫೋಟೋ ಕಳಿಸಿದ್ದು ನೀನೇ ತಾನೆ?"

"ಹೌದು. ತಪ್ಪು ನನ್ನದೇ. ಅದಕ್ಕೇ ನಾನೇ ಕೇಳುತ್ತಿದ್ದೇನೆ."

ಗ್ವೆನ್‌ಳ ಕಣ್ಣಲ್ಲಿ ನೀರು ಬಂದಿತ್ತು. ಪಾಪ, ಐದಾರು ವರ್ಷದಿಂದ ನಮ್ಮ ಮಕ್ಕಳಿಗಾಗಿ ಓಡಾಡಿದವಳು, ನಾನು ಬಂದ ಎರಡನೇ ದಿನವೇ ಅವಳ ಕೆಲಸದಲ್ಲಿ ತಪ್ಪು ಹುಡುಕಿದಂತಾಗಿತ್ತು.

ಮೂಲೆಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದ ಎಮ್ರಿಸ್ ಮಾತಾಡಿದರು. "ಇಲ್ಲಿನ ಕಲ್ಲಿನ ಕ್ವಾರಿ ಮುಚ್ಚಿದಾಗ ನನಗೆ ಏಳು ವರ್ಷ. ನಮಗೆ ಸಹಾಯ ಮಾಡಲು ಪಟ್ಟಣದ ಪೇಪರಿನವರೊಬ್ಬರು ಕ್ಯಾಮೆರಾ ಹಿಡಿದು ಬಂದರು. ನಮ್ಮಮ್ಮ ನನಗೆ ಮುಖ ತೊಳೆದು, ತಲೆ ಬಾಚಿ, ಒಳ್ಳೆಯ ಕೋಟು ತೊಡಿಸಿ ನಿಲ್ಲಿಸಿದಳು. ಅವರು ಕೋಟು ತೆಗೆ ಎಂದರು." ಬಿಸ್ಕತ್ತಿನ ಪುಡಿಯನ್ನು ಮಡಿಲಿಂದ ಕೊಡವಿದರು. "ಅವರು ಕಳಿಸಿದ ಶೂ ನಾನು ಹಾಕಿಕೊಂಡೆ. ಅಮ್ಮ ಸಾಯುವತನಕ ಆ ಪೇಪರನ್ನು ಮನೆಯೊಳಗೆ ಬಿಡಲಿಲ್ಲ."

ಅಷ್ಟು ಹೇಳಿ ಎದ್ದು ಹಿಂದಿನ ಕೋಣೆಗೆ ಹೋದರು. ಏಣಿ ತಂದರು.

ಅದೇ ಶುಕ್ರವಾರ, ಊರಿನ ಸುತ್ತ

ಗೋಡೆಯ ಮುತ್ತುಲಕ್ಷ್ಮಿಯನ್ನು ಜಾಗ್ರತೆಯಾಗಿ ಸುತ್ತಿಟ್ಟ ಮೇಲೆ ಎಮ್ರಿಸ್ ಮತ್ತು ನಾನು ಊರಿನ ಪೋಸ್ಟರ್ ತೆಗೆಯಲು ಹೊರಟೆವು. ಗ್ವೆನ್ ಬರಲಿಲ್ಲ, ತಡೆಯಲೂ ಇಲ್ಲ. ಎಲ್ಲೆಲ್ಲಿ ಹಚ್ಚಿದ್ದಾರೆಂದು ಒಂದು ಚೀಟಿ ಬರೆದು ಕೊಟ್ಟಳು.

ದನದ ಡಾಕ್ಟರ ಕಿಟಕಿ, ಕರಿದ ಮೀನಿನ ಅಂಗಡಿ, ಬಸ್ಸಿನ ತಂಗುದಾಣ, ಲೈಬ್ರರಿ. ಪ್ರತಿ ಕಡೆಯೂ ಏಕೆ ತೆಗೆಯುತ್ತೀರಿ ಎಂದು ಕೇಳುವವರು. ಎಮ್ರಿಸ್ ವೆಲ್ಷ್‌ನಲ್ಲಿ ಏನೋ ಹೇಳುತ್ತಿದ್ದರು. ಅವರು ತಲೆಯಾಡಿಸಿ ನನ್ನ ಕೈಗೊಂದು ತಿನ್ನುವ ವಸ್ತು ಕೊಡುತ್ತಿದ್ದರು. ಏನು ಹೇಳುತ್ತಿದ್ದೀರಿ ಎಂದು ಕೇಳಿದೆ.

"ಹುಡುಗಿ ಬೇರೆ ಫೋಟೋ ಕಳಿಸುತ್ತಾಳೆ ಎಂದೆ."

"ಕಳಿಸುತ್ತಾಳಾ?"

"ಅದನ್ನು ನೀನು ಕೇಳಬೇಕು" ಎಂದರು ಎಮ್ರಿಸ್.

ಬಸ್ ತಂಗುದಾಣದಲ್ಲಿ ಕೂತು ಮುತ್ತುಲಕ್ಷ್ಮಿಯ ಅಪ್ಪನ ಫೋನಿಗೆ ಕರೆ ಮಾಡಿದೆ. ನಮ್ಮಲ್ಲಿ ಆಗ ಸಂಜೆ. ಹಿಂದೆ ಕೋಳಿ, ಟಿವಿ, ಅಜ್ಜಿಯ ಬೈಗುಳ ಎಲ್ಲ ಕೇಳಿಸುತ್ತಿತ್ತು. ಅಪ್ಪ ಫೋನನ್ನು ಮಗಳಿಗೆ ಕೊಟ್ಟರು. ನಡೆದದ್ದನ್ನು ಹೇಳಿದೆ. ಅವಳ ಫೋಟೋ ಇಲ್ಲಿ ಎರಡು ವಾರ ಗೋಡೆಗಳ ಮೇಲಿತ್ತು ಎಂದೂ ಹೇಳಿದೆ.

"ಈಗ ತೆಗ್ದ್ರಾ?"

"ತೆಗೆದೆವು. ಇನ್ನು ಎರಡು ಬಾಕಿ."

"ಹಾಗಾದ್ರೆ ಅಲ್ಲಿ ಈಗ ಏನೂ ಇಲ್ವಾ ಟೀಚರ್?"

"ಏನೂ ಇಲ್ಲ. ನೀನೇ ಹೇಳು, ಏನು ಹಾಕೋಣ? ನಿನಗೆ ಇಷ್ಟ ಇಲ್ಲದಿದ್ದರೆ ಖಾಲಿ ಗೋಡೆಯೇ ಇರಲಿ."

"ಒಂದು ಉಂಟು" ಎಂದಳು. "ರಜೆಯಲ್ಲಿ ಮಾಡಿದ್ದು. ನೀವು ಬೈಬಾರ್ದು, ಸ್ಕೇಲ್ ಎಲ್ಲ ಸರಿ ಇಲ್ಲ."

ಹತ್ತು ನಿಮಿಷ ಕಳೆದು ಫೋನು ಕುಂಯ್ ಎಂದಿತು. ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ನಕ್ಷೆ. ಅವರ ಲೈನಿನಿಂದ ಸಿದ್ದಾಪುರದ ಬಸ್ಸು ಸಿಗುವ ಸ್ಟಾಪಿಗೆ ಹೋಗುವ ಕಾಲುದಾರಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಯಾರ್ಡಿನ ಮೇಲಿಂದ ಲೈನಿಗೆ ವಾಪಸು ಬರುವ ಇನ್ನೊಂದು ದಾರಿ. ನೈಲಾನ್ ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ, ತಂಗಿಯನ್ನು ಒಂದು ತುದಿಗೆ ನಿಲ್ಲಿಸಿ, ಎಂಟು ದಿನ ಅಳೆದದ್ದಂತೆ. ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ಜಿಗಣೆ, ಎಲ್ಲಿ ಆನೆ ದಾಟುತ್ತದೆ, ಎಲ್ಲಿ ಫೋನಿಗೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ, ಯಾವ ಬಂಗಲೆಯ ನಾಯಿ ಕಟ್ಟಿರುವುದಿಲ್ಲ, ಎಲ್ಲವೂ ಅಲ್ಲಿತ್ತು. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. ಮೂರು ವರ್ಷ ಅವಳಿಗೆ ಗಣಿತ ಹೇಳಿಕೊಟ್ಟಿದ್ದೇನೆ, ಇಂಥದ್ದು ಅವಳ ಕೈಯಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

ಎಮ್ರಿಸ್ ಫೋನನ್ನು ಕಸಿದುಕೊಂಡು ಕನ್ನಡಕ ಹಣೆಗೇರಿಸಿ ಕಣ್ಣಿಗೆ ಹತ್ತಿರ ಹಿಡಿದರು. "ಇದು ಅಂಚೆಯವನ ನಕ್ಷೆ" ಎಂದರು. "ನಾಯಿಗಳನ್ನು ಗುರುತು ಮಾಡಿದ್ದಾಳೆ!"

ಲೈಬ್ರರಿ ಮುಚ್ಚುವ ಮೊದಲು ಓಡಿಹೋಗಿ ದೊಡ್ಡದಾಗಿ ಪ್ರಿಂಟು ಹಾಕಿಸಿದೆವು. ಕನ್ನಡದ ಮಾತುಗಳ ಪಕ್ಕ ನಾನು ಇಂಗ್ಲಿಷ್ ಬರೆದೆ, ಎಮ್ರಿಸ್ ಹಟ ಹಿಡಿದು ವೆಲ್ಷ್ ಬರೆದರು. ಜಿಗಣೆ ಎನ್ನುವಲ್ಲಿ ಅವರು ಬಹಳ ಹೊತ್ತು ಯೋಚಿಸಿದರು.

ಶನಿವಾರ, ಗುಡ್ಡ

ನನಗೆ ಗ್ವೆನ್‌ಳ ಕೆಂಪು ರೈನ್‌ಕೋಟು, ಅವಳ ತಂಗಿಯ ಬೂಟು. ಬೂಟು ಒಂದು ಸೈಜು ದೊಡ್ಡದು. ಮಳೆ ಬರುತ್ತಿತ್ತು ಎಂದರೆ ನಮ್ಮವರು ನಗುತ್ತಾರೆ. ಸೊಳ್ಳೆ ಕಡಿದಂತೆ ಮುಖಕ್ಕೆ ಚುಚ್ಚುವ ಆ ಹನಿಗೆ ನಮ್ಮಲ್ಲಿ ಯಾರೂ ಕೊಡೆ ಬಿಚ್ಚುವುದಿಲ್ಲ. ಆದರೆ ಅದು ನಿಲ್ಲುವುದೂ ಇಲ್ಲ.

ನನಗೆ ಅತ್ಯಂತ ಆಶ್ಚರ್ಯವಾದದ್ದು ದಾರಿ. ಅದು ಯಾರದೋ ಹೊಲದ ನಡುವೆ, ಯಾರದೋ ಮನೆಯ ಅಂಗಳದಲ್ಲೇ ಹೋಗುತ್ತದೆ. ಮನೆಯವರು ಕಿಟಕಿಯಿಂದ ಕೈ ಬೀಸುತ್ತಾರೆ. ಹಳೆಯ ಕಾಲುದಾರಿಯಾದರೆ ಯಾರು ಬೇಕಾದರೂ ನಡೆಯಬಹುದು, ಗೇಟು ಮುಚ್ಚಿದರೆ ಸಾಕು. ನಮ್ಮಲ್ಲಿ ಬೇರೆಯವರ ಎಸ್ಟೇಟಿನೊಳಗೆ ಹೀಗೆ ಕಾಲಿಟ್ಟರೆ ಮೊದಲು ನಾಯಿ ಬರುತ್ತದೆ, ಅದರ ಹಿಂದೆ ರೈಟರ್ ಬರುತ್ತಾರೆ.

ನಾನು ನಿಮಿಷಕ್ಕೊಮ್ಮೆ ಬಗ್ಗಿ ಕಾಲು ನೋಡಿಕೊಳ್ಳುತ್ತಿದ್ದೆ. "ಏನು ಕಳೆದುಹೋಯಿತು?" ಎಂದು ಪಕ್ಕದವರು ಕೇಳಿದರು. ಜಿಗಣೆ ಹುಡುಕುತ್ತಿದ್ದೇನೆ ಎಂದೆ. ಹುಲ್ಲು ಅಲ್ಲಾಡಿದರೆ ನಿಲ್ಲುತ್ತಿದ್ದೆ. ಪ್ರತಿ ಸಲವೂ ಕುರಿ. ಇಡೀ ಗುಡ್ಡದಲ್ಲಿ ಹೆದರಬೇಕಾದ ಒಂದು ಪ್ರಾಣಿಯೂ ಇಲ್ಲ ಎಂಬುದಕ್ಕೆ ಒಗ್ಗಿಕೊಳ್ಳಲು ನನಗೆ ಐದು ಮೈಲಿ ಹಿಡಿಯಿತು. ಆರನೆಯದರಲ್ಲಿ ಹಸಿರು ಹುಲ್ಲೆಂದು ಕಾಲಿಟ್ಟೆ, ಮೊಣಕಾಲಿನವರೆಗೆ ಕೆಸರಿನೊಳಗೆ ಇಳಿದೆ. ನಾಲ್ಕು ಜನ ನನ್ನನ್ನು ಎಳೆದರು. ನಾನು ಬಂದೆ, ಬೂಟು ಬರಲಿಲ್ಲ. ಎಂಬತ್ತು ದಾಟಿದ ಒಬ್ಬ ಅಜ್ಜಿ ಹೊಟ್ಟೆಯ ಮೇಲೆ ಮಲಗಿ ತೋಳು ಹಾಕಿ ಅದನ್ನು ಹೊರತೆಗೆದು, ಕೆಸರು ಸುರಿದು ನನ್ನ ಕೈಗಿತ್ತು, ನನಗಿಂತ ಮುಂದೆ ಹೊರಟುಹೋದರು.

ಎಂಟನೇ ಮೈಲಿಯಲ್ಲಿ ಗ್ವೆನ್ ನನ್ನ ಪಕ್ಕಕ್ಕೆ ಬಂದಳು. ಶುಕ್ರವಾರದಿಂದ ನಾವು ಉಪ್ಪು ಕೊಡು, ಬಾಗಿಲು ಹಾಕು ಎಂಬಷ್ಟೇ ಮಾತಾಡಿದ್ದೆವು.

"ಹೋಟೆಲಿನವರು ಹಿಂದೆ ಸರಿದರು" ಎಂದಳು. "ಫೋಟೋ ಇಲ್ಲದಿದ್ದರೆ ತಮ್ಮ ಗಿರಾಕಿಗಳಿಗೆ ತೋರಿಸಲು ಏನೂ ಇರುವುದಿಲ್ಲವಂತೆ."

"ಗ್ವೆನ್, ನಾನು..."

"ಆ ಸಾಲು ಬರೆದದ್ದು ನಾನು" ಎಂದಳು, ನನ್ನ ಮಾತು ತಡೆದು. "ಬೇರೆ ಯಾರೂ ಇಲ್ಲ ಎಂದು. ನಾನು ಅವರ ಮನೆಯಲ್ಲಿ ಊಟ ಮಾಡಿದ್ದೇನೆ ದಮಯಂತಿ. ಅವಳ ಅಪ್ಪನೇ ಬಡಿಸಿದ್ದರು. ಗೊತ್ತಿದ್ದೂ ಬರೆದೆ."

ಇಳಿಜಾರಿನಲ್ಲಿ ಅವಳು ನನ್ನ ತೋಳು ಹಿಡಿದುಕೊಂಡಳು. ಬೂಟು ದೊಡ್ಡದಾದ್ದರಿಂದಲೋ ಬೇರೆ ಕಾರಣಕ್ಕೋ ಕೇಳಲಿಲ್ಲ.

ಶನಿವಾರ ಸಂಜೆ, ಮತ್ತೆ ಹಾಲ್

ಕೆಸರಿನ ಬೂಟುಗಳನ್ನು ಬಾಗಿಲಲ್ಲಿ ಬಿಟ್ಟು ಎಲ್ಲರೂ ಕಾಲುಚೀಲದಲ್ಲೇ ಒಳಗೆ ಬಂದರು. ನೋಡಿದರೆ ನಮ್ಮ ಮದುವೆ ಮನೆಯ ಹಾಗೆಯೇ. ಕೇಕಿನ ಮೇಜಿನ ಹತ್ತಿರ ಇರಬೇಕಾದ ಜನವೆಲ್ಲ ಗೋಡೆಯ ಹತ್ತಿರ ಸೇರಿದ್ದರು. ಗುಡ್ಡ ಹತ್ತುವವರಿಗೆ ನಕ್ಷೆ ಎಂದರೆ ಸಾಕು. ಒಬ್ಬರು ಏರಿನ ಮೇಲೆ ಬೆರಳಿಟ್ಟು ಉಸಿರು ಬಿಟ್ಟರು. ಇನ್ನೊಬ್ಬರು ಆ ನಾಯಿಯನ್ನು ಏಕೆ ಕಟ್ಟುವುದಿಲ್ಲ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಅವಳು ದಿನಾ ಇಷ್ಟು ನಡೆಯುತ್ತಾಳಾ ಎಂದು ಕೇಳಿದ ಅಜ್ಜಿ, ಅದೇ ಬೂಟಿನ ಅಜ್ಜಿ, ಹೌದು ಎಂದಾಗ "ಹಾಗಾದರೆ ನಮಗಿರುವಂತೆ ಅವಳ ನಡಿಗೆಗೆ ಸ್ಪಾನ್ಸರು ಯಾರು?" ಎಂದರು.

ಎಮ್ರಿಸ್ ಮಾತ್ರ ಪೆನ್ಸಿಲು ಹಿಡಿದು ಲೆಕ್ಕ ಹಾಕುತ್ತಾ ನಿಂತಿದ್ದರು. "ಇದು ಕೂಡುವುದಿಲ್ಲ" ಎಂದರು. ಅವಳು ಬರೆದ ಉದ್ದ ಮತ್ತು ದಿಕ್ಕುಗಳ ಪ್ರಕಾರ ಹೊರಟರೆ ವಾಪಸು ಲೈನಿಗೆ ಬರುವುದಿಲ್ಲ, ನಲವತ್ತು ಹೆಜ್ಜೆ ಆಚೆ ತೋಟದಲ್ಲೆಲ್ಲೋ ನಿಲ್ಲುತ್ತೇವೆ. ಗಣಿತದ ಟೀಚರಾದ ನಾನು ಗಮನಿಸಿರಲಿಲ್ಲ. ಅಲ್ಲೇ ಮೆಸೇಜು ಕಳಿಸಿದೆ. ಅಲ್ಲಿ ರಾತ್ರಿಯಾಗಿದ್ದರೂ ಉತ್ತರ ತಕ್ಷಣ ಬಂತು: 'ಆನೆ ಕಂದಕದ ಹತ್ರ ಅಳೆಯಕ್ಕೆ ಆಗಿಲ್ಲ ಟೀಚರ್, ಆನೆ ಇತ್ತು. ಅಂದಾಜಲ್ಲಿ ಹಾಕಿದ್ದು. ಸಾರಿ.' ಓದಿ ಹೇಳಿದಾಗ ಹಾಲ್ ಹೋ ಎಂದಿತು. ಕಾಗದ ತಲುಪಿಸಲಾಗದ್ದಕ್ಕೆ ನಾಯಿ ಇತ್ತು ಎಂದು ಎಷ್ಟೋ ಸಲ ಹೇಳಿದ್ದೇನೆ, ಆನೆ ಇತ್ತು ಎಂದು ಹೇಳುವ ಅದೃಷ್ಟ ನನಗಿರಲಿಲ್ಲ ಎಂದರು ಎಮ್ರಿಸ್.

ಭಾಷಣಕ್ಕೆ ನಾನು ಕಾಚಂಪುಳಿಯ ಸೀರೆಯನ್ನು ಬಿಟ್ಟು ಸಾದಾ ಚೂಡಿದಾರದಲ್ಲಿ ನಿಂತೆ. ಅವಳ ಗಣಿತದ ಅಂಕ ಹೇಳಿದೆ. ಅಪ್ಪ ಅಮ್ಮ ಅಜ್ಜಿ ತಂಗಿಯರ ಬಗ್ಗೆ ಹೇಳಿದೆ. ಈ ಗೋಡೆಯ ಮೇಲೆ ನಿನ್ನೆ ಇದ್ದದ್ದು ನನ್ನ ತಪ್ಪು ಎಂದೂ ಹೇಳಿದೆ. ಆಮೇಲೆ ಅವರು ಹಾಡಿದರು. ಅಭ್ಯಾಸ ಮಾಡಿಕೊಂಡಿರಲಿಲ್ಲ, ಸುಮ್ಮನೆ ಎದ್ದು ನಿಂತು ನಾಲ್ಕು ದನಿಯಲ್ಲಿ ಹಾಡಿದರು, ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಈಗ ನೀನು ಎಂದರು. ನನಗೆ ಹಾಡು ಬರುವುದಿಲ್ಲ. ಒತ್ತಾಯ ಜಾಸ್ತಿಯಾಗಿ, ಒಂದನೇ ಕ್ಲಾಸಿನ ರಾಗದಲ್ಲಿ ಕ ಕಾ ಕಿ ಕೀ ಶುರುಮಾಡಿದೆ. ಇಡೀ ಹಾಲ್ ಹಿಂದಿನಿಂದ ಹೇಳತೊಡಗಿತು. ಕೊನೆಯ 'ಕಃ' ಅವರ ಭಾಷೆಯ ಗಂಟಲಿಗೆ ಹೇಳಿ ಮಾಡಿಸಿದಂತಿತ್ತು. ಅದನ್ನು ಮೂರು ಸಲ ಹೇಳಿಸಿದರು.

ಸಿದ್ದಾಪುರ

ಒಟ್ಟು ಸೇರಿದ್ದು ಹಿಂದಿನ ವರ್ಷಕ್ಕಿಂತ ಕಡಿಮೆ. ಅದನ್ನು ಮರೆಮಾಚುವುದಿಲ್ಲ. ಇಬ್ಬರಿಗೆ ಪೂರ್ತಿ ಆಗುತ್ತದೆ, ಮೂರನೆಯವಳ ಹಾಸ್ಟೆಲಿಗೆ ಆಗುವುದಿಲ್ಲ. ಸಮಿತಿಯಲ್ಲಿ ಇದನ್ನು ಹೇಳಿದಾಗ ಒಬ್ಬರು, "ಒಂದು ಫೋಟೋಕ್ಕೋಸ್ಕರ ಇಷ್ಟು ಮಾಡ್ಬೇಕಿತ್ತಾ ಟೀಚರ್?" ಎಂದರು. ಮಾಡಬೇಕಿತ್ತು ಎಂದೆ, ಆದರೆ ದನಿ ಗಟ್ಟಿಯಾಗಿರಲಿಲ್ಲ. ಹಾಸ್ಟೆಲಿಲ್ಲದೆ ಉಳಿಯುವವಳು ಯಾರೆಂದು ಆರಿಸಬೇಕಾದ ಐದು ಜನರಲ್ಲಿ ನಾನೂ ಒಬ್ಬಳು.

ಹಾಗಾಗಿ ಆರಿಸುವ ಮೊದಲು ನಮ್ಮ ಕಡೆಯೇ ಒಂದು ನಡಿಗೆ ಮಾಡೋಣ ಎಂದು ಚೆಟ್ಟಳ್ಳಿಯ ತೋಟದ ಮಾಲೀಕರನ್ನು ಕೇಳಿಕೊಂಡು ಹೊರಟೆ. "ನಡೆಯೋದಾ? ಎಲ್ಲಿಗೆ?" ಎಂದು ಎಲ್ಲರೂ ಗಾಬರಿಯಾದರು. ಮೂರು ಮನೆಯವರು ಒಂದೇ ಮಾತು ಹೇಳಿದರು: "ಟೀಚರೇ, ದುಡ್ಡು ಎಷ್ಟು ಬೇಕು ಹೇಳಿ. ನಡಿಯಕ್ಕೆ ಮಾತ್ರ ಕರೀಬೇಡಿ." ಹಾಸ್ಟೆಲಿನ ಸಮಸ್ಯೆ ಹಾಗೆ ಬಗೆಹರಿಯಿತು. ಕೊಡಗಿನ ಮೊದಲ ನಡಿಗೆ ಹಾಗೆ ನಡೆಯದೆಯೇ ಮುಗಿಯಿತು.

ಗ್ವೆನ್ ಒಂದು ಕೇಳಿಕೆ ಕಳಿಸಿದ್ದಳು. ಮುತ್ತುಲಕ್ಷ್ಮಿಯ ನಕ್ಷೆಯನ್ನು ತನ್ನ ಕಾಫಿ ಪ್ಯಾಕೆಟಿನ ಮೇಲೆ ಅಚ್ಚು ಹಾಕಬಹುದೇ? ದಾನವಲ್ಲ, ಚಿತ್ರ ಬರೆದವರಿಗೆ ಕೊಡುವ ಸಂಭಾವನೆ ಕೊಡುತ್ತೇನೆ. ಮೊದಲ ಮಳೆ ಬಿದ್ದ ವಾರ ಲೈನಿಗೆ ಹೋಗಿ ಹೇಳಿದೆ. ಅವಳ ಅಪ್ಪ ಬೆಂಚು ಒರೆಸಿ ನನ್ನನ್ನು ಕೂರಿಸಿದರು. ಗ್ವೆನ್‌ಳ ಮೆಸೇಜನ್ನು ನನ್ನ ಕೈಯಿಂದ ತೆಗೆದುಕೊಂಡು ಮಗಳಿಗೇ ಕೊಟ್ಟು, "ನಿಂದು, ನೀನೇ ಹೇಳು" ಎಂದರು.

"ಹೆಸರು ಹಾಕ್ತಾರಾ ಟೀಚರ್?"

"ಹಾಕಬೇಕಾ, ಬೇಡವಾ?"

"ಹಾಕ್ಬೇಕು. ಇನಿಷಿಯಲ್ ಸೇರಿಸಿ" ಎಂದಳು. ಆಮೇಲೆ ಹುಬ್ಬು ಗಂಟಿಕ್ಕಿ, "ಆದ್ರೆ ಈಗ ಬೇಡ. ಆ ಕಂದಕದ ಹತ್ರ ತಪ್ಪುಂಟಲ್ಲ. ತಪ್ಪು ನಕ್ಷೆ ಅಷ್ಟು ಮನೆಗೆ ಹೋಗೋದು ಬೇಡ" ಎಂದಳು.

ಎಮ್ರಿಸ್ ಅವಳಿಗೆಂದು ಕೊಟ್ಟಿದ್ದ ಐವತ್ತು ಮೀಟರಿನ ಟೇಪು ನನ್ನ ಚೀಲದಲ್ಲಿತ್ತು. ಅವಳು ಅದನ್ನು ಬಿಚ್ಚಿ ಒಮ್ಮೆ ಪೂರ್ತಿ ಎಳೆದಳು, ಮತ್ತೆ ಸುತ್ತಿದಳು, ಚಪ್ಪಲಿ ಮೆಟ್ಟಿದಳು. ಫಾರೆಸ್ಟಿನವರು ಆ ದಿನ ಆನೆಗಳು ಆಚೆ ಬದಿಯಲ್ಲಿವೆ ಎಂದು ತಿಳಿಸಿದ್ದರು. ಹೋಗಿ ಬನ್ನಿ, ಬೇಗ ಬನ್ನಿ ಎಂದರು ಅಪ್ಪ.

ಕಂದಕದ ಅಂಚಿನಲ್ಲಿ ಅವಳು ನನ್ನ ಕೈಗೆ ಟೇಪಿನ ತುದಿ ಕೊಟ್ಟು, ಎಲ್ಲಿ ನಿಲ್ಲಬೇಕೆಂದು ತೋರಿಸಿ, ಕಾಫಿ ಗಿಡಗಳ ನಡುವೆ ನುಗ್ಗಿ ಮರೆಯಾದಳು. ಮಳೆ ಹನಿಯತೊಡಗಿತು. ಕಾಲಿಗೆ ಜಿಗಣೆ ಹತ್ತುತ್ತಿರುವುದು ಗೊತ್ತಾಗುತ್ತಿತ್ತು, ಬಗ್ಗುವಂತಿಲ್ಲ. ದೂರದಿಂದ ಅವಳ ದನಿ ಬಂತು.

"ಟೀಚರ್, ಸಡಿಲ ಬಿಡ್ಬೇಡಿ! ಎಳ್ದು ಹಿಡೀರಿ!"

ನಾನು ಎಳೆದು ಹಿಡಿದೆ.